ಅರಿವಿನ ಪಾಲುಪಟ್ಟಿ: ಶಿವಗಂಗೆಯ ಶಾಂತಲೆ ಮತ್ತು ಅಂತರಶಿಸ್ತೀಯ ಅಧ್ಯಯನದ ಪ್ರಶ್ನೆ

ಕರ್ನಾಟಕದಲ್ಲಿ ಕಲಾ ಪದವಿಯ ವಿದ್ಯಾರ್ಥಿ ಮೂರು ಐಚ್ಛಿಕ ವಿಷಯಗಳನ್ನು ಒಟ್ಟಿಗೆ ಓದುವ ಪದ್ಧತಿ ಹಳೆಯದು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳು ಸೇರಿದರೆ ‘ಎಚ್‌ಇಪಿ’, ರಾಜ್ಯಶಾಸ್ತ್ರದ ಜಾಗಕ್ಕೆ ಕನ್ನಡ ಬಂದರೆ ‘ಎಚ್‌ಇಕೆ’ ಎಂಬ ಕಾಂಬಿನೇಷನ್ ಭಾಷೆ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಪದವಿ ಕಾಲೇಜುಗಳಲ್ಲಿ ಪ್ರವೇಶದ ದಿನಗಳಂದು ಪೋಷಕರ ಬಾಯಲ್ಲೂ ಕೇಳಿಬರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021–22ರ ಶೈಕ್ಷಣಿಕ ವರ್ಷದಿಂದ ಉಳಿದ ರಾಜ್ಯಗಳಿಗಿಂತ ಮೊದಲು ಜಾರಿಗೆ ತಂದ ಕರ್ನಾಟಕವು ಮೂರರ ಬದಲು ಎರಡು ಮುಖ್ಯ ವಿಷಯಗಳನ್ನು ಇರಿಸಿ, ಬೇರೆ ವಿಭಾಗದಿಂದ ಆರಿಸಿಕೊಳ್ಳಬಹುದಾದ ಮುಕ್ತ ಐಚ್ಛಿಕ ಪತ್ರಿಕೆಯನ್ನು ಅವುಗಳಿಗೆ ಸೇರಿಸಿತು. 2024ರ ಮೇ ತಿಂಗಳಲ್ಲಿ, ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇರೆಗೆ, ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೂ ಮೂರು ವಿಷಯಗಳ ಜೋಡಣೆಗೂ ಮರಳಿತು. ಎರಡು ವ್ಯವಸ್ಥೆಗಳ ನಡುವೆ ರಾಜಕೀಯವಾಗಿ ಎಷ್ಟೇ ಅಂತರವಿದ್ದರೂ ಎರಡರ ತಳದಲ್ಲಿರುವ ಭಾವನೆ ಒಂದೇ: ಕೆಲವು ವಿಷಯಗಳನ್ನು ಪಕ್ಕಪಕ್ಕದಲ್ಲಿ ಇರಿಸಿದರೆ ಅವುಗಳನ್ನು ಕೂಡಿಸಿಕೊಳ್ಳುವ ಕೆಲಸವನ್ನು ವಿದ್ಯಾರ್ಥಿಯ ತಲೆಯೇ ಮಾಡಿಕೊಳ್ಳುತ್ತದೆ. ಹಾಗೆ ಕೂಡಿಸಬಹುದಾದದ್ದು ಏನು, ಅರಿವು ಮೊದಲೇ ಒಂದಾಗಿದ್ದು ಕಾಲೇಜಿನಲ್ಲಿ ಪಾಲಾಗಿದೆಯೇ ಅಥವಾ ಮೊದಲಿನಿಂದಲೂ ಹಲವಾಗಿದ್ದದ್ದನ್ನು ಒಂದೆಂದು ಭ್ರಮಿಸಲಾಗಿದೆಯೇ ಎಂಬ ಪ್ರಶ್ನೆಗೆ ಯಾವ ಸರ್ಕಾರಿ ಆದೇಶದಲ್ಲೂ ಉತ್ತರವಿಲ್ಲ, ಏಕೆಂದರೆ ಅದು ಆಡಳಿತದ ಪ್ರಶ್ನೆಯಾಗುವ ಮೊದಲು ತತ್ತ್ವಶಾಸ್ತ್ರದ ಪ್ರಶ್ನೆಯಾಗಿದೆ.

ಈ ಪ್ರಶ್ನೆಯನ್ನು ಉಪನಿಷತ್ತುಗಳೇ ಎತ್ತಿವೆ. ಛಾಂದೋಗ್ಯದ ಏಳನೆಯ ಅಧ್ಯಾಯದಲ್ಲಿ ನಾರದನು ಸನತ್ಕುಮಾರನ ಬಳಿಗೆ ಬಂದು ತಾನು ಕಲಿತಿರುವುದರ ಪಟ್ಟಿಯನ್ನು ಒಪ್ಪಿಸುತ್ತಾನೆ: ನಾಲ್ಕು ವೇದಗಳು, ಇತಿಹಾಸ ಪುರಾಣಗಳು, ಗಣಿತ, ತರ್ಕ, ನಕ್ಷತ್ರವಿದ್ಯೆ, ಕ್ಷತ್ರವಿದ್ಯೆ, ಸರ್ಪವಿದ್ಯೆ, ಕೊನೆಗೆ ದೇವಜನವಿದ್ಯೆ. ಈ ಕೊನೆಯದನ್ನು ಶಂಕರಾಚಾರ್ಯರು ತಮ್ಮ ಭಾಷ್ಯದಲ್ಲಿ ಸುಗಂಧದ್ರವ್ಯ, ನೃತ್ಯ, ಗೀತ, ವಾದ್ಯ, ಶಿಲ್ಪ ಮೊದಲಾದವುಗಳ ಜ್ಞಾನವೆಂದು ವಿವರಿಸುತ್ತಾರೆ. ಅಂದರೆ ಮಾನವಿಕ ಶಾಸ್ತ್ರಗಳೂ ಕಲೆಗಳೂ ಒಬ್ಬನಲ್ಲೇ ಸೇರಿರುವ ವಿದ್ಯಾರ್ಥಿಯ ಅತಿ ಹಳೆಯ ಚಿತ್ರಗಳಲ್ಲಿ ಇದೂ ಒಂದು. ಇಷ್ಟೆಲ್ಲ ತಿಳಿದೂ ತಾನು ಮಂತ್ರಗಳನ್ನು ಬಲ್ಲವನೇ ಹೊರತು ಆತ್ಮವನ್ನು ಬಲ್ಲವನಲ್ಲ ಎಂಬುದು ನಾರದನ ಅಳಲು. ಮುಂಡಕೋಪನಿಷತ್ತು ಇನ್ನೂ ಕಟುವಾಗಿ ವೇದಗಳನ್ನೂ ವೇದಾಂಗಗಳನ್ನೂ ಒಟ್ಟಿಗೆ ಅಪರಾ ವಿದ್ಯೆ, ಎಂದರೆ ಕೆಳಗಿನ ತಿಳಿವು ಎಂಬ ಒಂದೇ ಬದಿಗೆ ಸರಿಸಿ, ಅಕ್ಷರವನ್ನು, ಎಂದರೆ ನಾಶವಿಲ್ಲದ ತತ್ತ್ವವನ್ನು ತಿಳಿಸುವ ಪರಾ ವಿದ್ಯೆಯನ್ನು ಮೇಲಿರಿಸುತ್ತದೆ. ಇಲ್ಲಿ ವಿದ್ಯೆಗಳಿಗೆ ದೊರಕುವ ಏಕತೆ ಮೇಲಿನಿಂದ ಬರುವಂಥದ್ದು. ಅವು ಒಂದನ್ನೊಂದು ಮುಟ್ಟುವುದಿಲ್ಲ, ಎಲ್ಲವೂ ತಮ್ಮನ್ನು ಮೀರಿದ ಒಂದರ ಮುಂದೆ ಸಮಾನವಾಗಿ ಚಿಕ್ಕವಾಗುತ್ತವೆ. ಸಾಧಕನಿಗೆ ಇದು ಸಾಕಾದೀತು. ಆದರೆ ಇತಿಹಾಸದ ಅಧ್ಯಾಪಕರೂ ಕನ್ನಡದ ಅಧ್ಯಾಪಕರೂ ಒಂದೇ ಶಾಸನದ ಮುಂದೆ ಕುಳಿತಾಗ ಪರಸ್ಪರ ಏನು ಮಾತಾಡಬೇಕು ಎಂಬುದನ್ನು ಈ ದರ್ಶನ ಹೇಳುವುದಿಲ್ಲ.

ಅಂಥ ಒಂದು ಶಾಸನ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಂದು ಬೆಟ್ಟದೊಂದಿಗೆ ಹೆಣೆದುಕೊಂಡಿದೆ. ನೆಲಮಂಗಲ ತಾಲ್ಲೂಕಿನಲ್ಲಿ, ದಾಬಸ್‌ಪೇಟೆಯ ಸಮೀಪವಿರುವ ಶಿವಗಂಗೆಯು ಗಂಗಾಧರೇಶ್ವರ ಮತ್ತು ಹೊನ್ನಾದೇವಿಯರ ಗುಡಿಗಳಿಂದ, ಒಳಕಲ್ಲು ತೀರ್ಥದಿಂದ, ಪಾತಾಳಗಂಗೆಯಿಂದ ಹೆಸರಾಗಿ ದಕ್ಷಿಣಕಾಶಿ ಎನಿಸಿಕೊಂಡ ಶೈವ ಕ್ಷೇತ್ರ. ಆದರೆ ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ 1131ರಲ್ಲಿ ತೀರಿಕೊಂಡದ್ದು ಇಲ್ಲಿಯೇ ಎಂಬ ಸಂಗತಿಯನ್ನು ದಾಖಲಿಸಿರುವ ಕಲ್ಲು ಇರುವುದು ಶ್ರವಣಬೆಳಗೊಳದಲ್ಲಿ, ಆಕೆಯೇ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಯ ಬಳಿ. ಶಾಂತಲೆ ಜೈನಳು, ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆ. ತಾಯಿ ಮಾಚಿಕಬ್ಬೆ ಜೈನಳು. ತಂದೆ ಮಾರಸಿಂಗಯ್ಯ ಶಿವಭಕ್ತ. ಗಂಡನ ಹೆಸರು ಬೇಲೂರಿನ ಚೆನ್ನಕೇಶವನೊಂದಿಗೂ ರಾಮಾನುಜರ ವೈಷ್ಣವದೊಂದಿಗೂ ಸೇರಿಕೊಂಡಿದೆ. ಬೇಲೂರಿನ ಪ್ರಾಕಾರದಲ್ಲಿ ಆಕೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದಳು; ಹಳೇಬೀಡಿನ ಅವಳಿ ಗುಡಿಯ ಒಂದು ಲಿಂಗಕ್ಕೆ ಶಾಂತಲೇಶ್ವರನೆಂದು ಆಕೆಯ ಹೆಸರಿದೆ. ಶಾಸನಗಳು ಆಕೆಯನ್ನು ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆಯೆಂದೂ, ಎಲ್ಲ ಸಮಯಗಳನ್ನು, ಎಂದರೆ ಎಲ್ಲ ಮತಮಾರ್ಗಗಳನ್ನು ಕಾಪಾಡಿದವಳೆಂದೂ ಹೊಗಳುತ್ತವೆ. ಮಗಳ ಸಾವಿನ ಬಳಿಕ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳ ಉಪವಾಸದಿಂದ ಸನ್ಯಸನ ವಿಧಿಯಲ್ಲಿ ದೇಹ ಬಿಟ್ಟದ್ದನ್ನೂ ಅದೇ ಕಲ್ಲು ಹೇಳುತ್ತದೆ.

ತಾಯಿಯ ಸಾವನ್ನು ಇಷ್ಟು ವಿವರವಾಗಿ ಹೇಳುವ ಶಾಸನ ಮಗಳು ಶಿವಗಂಗೆಯ ತೀರ್ಥದಲ್ಲಿ ಸ್ವರ್ಗಸ್ಥಳಾದಳೆಂದಷ್ಟೇ ಹೇಳಿ ಮುಂದೆ ಸಾಗುತ್ತದೆ. ಆ ಮೌನವನ್ನು ಜನರು ತುಂಬಿಕೊಂಡಿದ್ದಾರೆ: ಮಕ್ಕಳಿಲ್ಲದ ರಾಣಿ ಬೆಟ್ಟದ ತುದಿಯಿಂದ ಹಾರಿ ಪ್ರಾಣ ಬಿಟ್ಟಳೆಂಬ ಕತೆ ಊರಿನದಾಗಿದೆ, ಹಾರಿದ ಜಾಗವೆಂದು ಒಂದು ಕಡಿದಾದ ಅಂಚನ್ನು ಇಂದಿಗೂ ತೋರಿಸುತ್ತಾರೆ. ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿ ಆಕೆಯನ್ನು ಕನ್ನಡದ ಮನೆಮನೆಗೆ ತಂದಿತು. 1983ರಲ್ಲಿ ಮೊದಲ ಮೂರ್ತಿದೇವಿ ಪ್ರಶಸ್ತಿ ಪಡೆದ ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ ಅದೇ ಬದುಕನ್ನು ಶಾಸನಗಳ ಆಧಾರದ ಮೇಲೆ ಬೇರೊಂದು ಬಗೆಯಲ್ಲಿ ಕಟ್ಟಿತು. ಹೀಗೆ ಒಂದು ಸಾವಿನ ಸುತ್ತ ಶಾಸನ, ಐತಿಹ್ಯ, ಕಾದಂಬರಿ, ನೃತ್ಯ, ಧರ್ಮಾಚರಣೆ ಎಲ್ಲವೂ ಸೇರಿವೆ. ಕಾಲೇಜಿನಲ್ಲಿ ಇದು ಅಣ್ಣತಮ್ಮಂದಿರ ಪಾಲುಪಟ್ಟಿಯಂತೆ ಹಂಚಿಹೋಗುತ್ತದೆ: ಶಾಸನ ಇತಿಹಾಸಕ್ಕೆ, ಕಾದಂಬರಿ ಕನ್ನಡಕ್ಕೆ, ಉತ್ತರಾಧಿಕಾರದ ಚಿಂತೆ ರಾಜ್ಯಶಾಸ್ತ್ರಕ್ಕೆ. ಸಲ್ಲೇಖನ, ಎಂದರೆ ಮಾಚಿಕಬ್ಬೆಯಂತೆ ಉಪವಾಸದಿಂದ ದೇಹ ಬಿಡುವ ಜೈನ ವ್ರತ, ಯಾರ ಪಾಲಿಗೂ ಬರುವುದಿಲ್ಲ, ಏಕೆಂದರೆ ತತ್ತ್ವಶಾಸ್ತ್ರವನ್ನು ಐಚ್ಛಿಕವಾಗಿ ಬೋಧಿಸುವ ಪದವಿ ಕಾಲೇಜುಗಳು ಈಗ ವಿರಳ.

ಈ ಹಂಚಿಕೆಯಲ್ಲಿ ತಪ್ಪಿರುವುದು ಎಲ್ಲಿ ಎಂಬುದನ್ನು ನಿಷ್ಕೃಷ್ಟವಾಗಿ ಹೇಳಲು ಶಾಂತಲೆಯ ಸ್ವಂತ ಮತದ ತರ್ಕವೇ ನೆರವಾಗುತ್ತದೆ. ಅನೇಕಾಂತವೆಂಬ ಜೈನ ದರ್ಶನದ ಪ್ರಕಾರ ಪ್ರತಿಯೊಂದು ವಸ್ತುವೂ ಲೆಕ್ಕವಿಲ್ಲದಷ್ಟು ಧರ್ಮಗಳನ್ನು, ಎಂದರೆ ಗುಣಲಕ್ಷಣಗಳನ್ನು ಉಳ್ಳದ್ದು. ಆದುದರಿಂದ ಯಾವ ಒಂದು ಹೇಳಿಕೆಯೂ ಅದನ್ನು ಪೂರ್ತಿಯಾಗಿ ಹಿಡಿಯಲಾರದು. ತತ್ತ್ವಾರ್ಥಸೂತ್ರವು ಅರಿವಿನ ಎರಡು ದಾರಿಗಳನ್ನು ಹೆಸರಿಸುತ್ತದೆ. ವಸ್ತುವನ್ನು ಇಡಿಯಾಗಿ ಹಿಡಿಯುವುದು ಪ್ರಮಾಣ. ಉಳಿದ ಮಗ್ಗುಲುಗಳನ್ನು ಅಲ್ಲಗಳೆಯದೆ ಒಂದು ಮಗ್ಗುಲನ್ನು ಮಾತ್ರ ಮುಂದಿಟ್ಟುಕೊಂಡು ಹಿಡಿಯುವುದು ನಯ. ಆ ಒಂದು ಮಗ್ಗುಲೇ ವಸ್ತುವೆಂದು ಸಾಧಿಸಹೊರಟರೆ ಅದು ನಯವಾಗಿ ಉಳಿಯದೆ ನಯಾಭಾಸವಾಗುತ್ತದೆ, ಎಂದರೆ ನಯದಂತೆ ತೋರುವ ದೋಷ. ಈ ವಿಚಾರವನ್ನು ಬೆಳೆಸಿದವರಲ್ಲಿ ಕರ್ನಾಟಕದ ಜೈನ ಪರಂಪರೆ ತನ್ನವರೆಂದು ಆದರಿಸುವ ಆಚಾರ್ಯರ ಸಾಲೇ ಇದೆ: ಸಮಂತಭದ್ರರ ‘ಆಪ್ತಮೀಮಾಂಸೆ’, ಅದರ ಮೇಲೆ ಎಂಟನೆಯ ಶತಮಾನದ ಅಕಲಂಕರ ‘ಅಷ್ಟಶತಿ’, ಅದರ ಮೇಲೆ ವಿದ್ಯಾನಂದರ ‘ಅಷ್ಟಸಹಸ್ರಿ’ ಒಂದೇ ಗ್ರಂಥದ ಸುತ್ತ ಬೆಳೆದ ಮೂರು ಪದರಗಳು. ಒಂದನ್ನೊಂದು ಅಪೇಕ್ಷಿಸದ ನಯಗಳು ಮಿಥ್ಯೆಯಾಗುತ್ತವೆ, ಪರಸ್ಪರ ಅಪೇಕ್ಷೆಯುಳ್ಳ ನಯಗಳು ಮಾತ್ರ ವಸ್ತುವನ್ನು ಮುಟ್ಟಿ ಕೆಲಸಕ್ಕೆ ಬರುತ್ತವೆ ಎಂಬುದು ಸಮಂತಭದ್ರರ ನಿಲುವು. ಅಂತರಶಿಸ್ತೀಯ ಅಧ್ಯಯನಕ್ಕೆ ಇದಕ್ಕಿಂತ ಗಟ್ಟಿಯಾದ ಅಡಿಗಲ್ಲನ್ನು ಇಂದಿನ ಶಿಕ್ಷಣ ನೀತಿಯ ಕಡತಗಳಲ್ಲಿ ಹುಡುಕುವುದು ಕಷ್ಟ.

ಅಪೇಕ್ಷೆ ಎಂದರೆ ಸೌಜನ್ಯವಲ್ಲ ಎಂಬುದನ್ನು ಶಾಂತಲೆಯ ಶಾಸನದ ಮೇಲೆಯೇ ತೋರಿಸಬಹುದು. ಶಾಸನ ಆಕೆಯ ಸಾವಿನ ರೀತಿಯನ್ನು ಹೇಳುವುದಿಲ್ಲವೆಂದು ಇತಿಹಾಸದವರು ಬರೆದು ನಿಲ್ಲಿಸಬಹುದು. ಆದರೆ ಆ ಮೌನಕ್ಕೆ ತೂಕವಿದೆಯೇ ಎಂದು ತೀರ್ಮಾನಿಸಬೇಕಾದರೆ ನಿಸಿದಿ ಶಾಸನಗಳು, ಎಂದರೆ ವ್ರತದಿಂದ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲುಗಳು, ಸಾವನ್ನು ಯಾವ ಮಾತುಗಳಲ್ಲಿ ಹೇಳುತ್ತವೆ, ಹೊಗಳಿಕೆಯ ಗದ್ಯದಲ್ಲಿ ಯಾವುದು ರೂಢಿಯ ವಿಶೇಷಣ, ಯಾವುದು ಸುದ್ದಿ ಎಂಬುದನ್ನು ಹಳಗನ್ನಡ ಬಲ್ಲವರು ಹೇಳಬೇಕು. ಆಕೆ ನರ್ತಕಿಯೆಂಬ ಹೊಗಳಿಕೆ ಬರಿಯ ರೂಢಿಯೋ ಅಲ್ಲವೋ ಎಂಬುದನ್ನು ಪರಿಶೀಲಿಸಲು ಹೊಯ್ಸಳ ಗುಡಿಗಳ ನವರಂಗದ ನಡುವಿನ ದುಂಡು ಕಲ್ಲಿನ ಹಾಸನ್ನೂ ಮದನಿಕೆಯರ ಭಂಗಿಗಳನ್ನೂ ನೃತ್ಯ ಕಲಿತ ಕಣ್ಣು ನೋಡಬೇಕು. ಬೇಲೂರಿನ ದರ್ಪಣಸುಂದರಿಯೇ ಶಾಂತಲೆ ಎಂಬ ಪ್ರವಾಸಿ ಮಾರ್ಗದರ್ಶಿಗಳ ಮಾತನ್ನು ಅಲ್ಲಿಯೇ ಬಿಟ್ಟು ಮುಂದುವರಿಯಲೂಬೇಕು. ಪ್ರತಿ ಹಂತದಲ್ಲೂ ಒಂದು ವಿದ್ಯೆ ತನ್ನ ಪ್ರಶ್ನೆ ಎಲ್ಲಿ ಮುಗಿಯಿತೆಂದು ಹೇಳಿ ಇನ್ನೊಂದನ್ನು ಹೆಸರಿಟ್ಟು ಕರೆಯುತ್ತದೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳನ್ನು ಹಿಡಿದು ಇಂಥ ಕೆಲಸವನ್ನು ಕನ್ನಡ ವಿಭಾಗದ ಒಳಗಿನಿಂದಲೇ ಮಾಡಿತ್ತು. ಅದನ್ನು ಅಂತರಶಿಸ್ತೀಯವೆಂದು ಕರೆಯುವ ಅಗತ್ಯ ಆಗ ಯಾರಿಗೂ ಬಿದ್ದಿರಲಿಕ್ಕಿಲ್ಲ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಕೊಡಬೇಕಾಗುತ್ತದೆ, ಅದು ಸುಲಭದ್ದೂ ಅಲ್ಲ. ಅನೇಕಾಂತವನ್ನು ವಿವರಿಸುವ ಪಠ್ಯಪುಸ್ತಕಗಳು ಕುರುಡರೂ ಆನೆಯೂ ಇರುವ ಕತೆಯನ್ನು ತಪ್ಪದೆ ಹೇಳುತ್ತವೆ. ಆದರೆ ಆ ಕತೆ ನಡೆಯಬೇಕಾದರೆ ಆನೆಯನ್ನು ಇಡಿಯಾಗಿ ಕಂಡವನೊಬ್ಬ ಪಕ್ಕದಲ್ಲಿ ನಿಂತಿರಲೇಬೇಕು. ಜೈನ ದರ್ಶನದಲ್ಲಿ ಆ ಸ್ಥಾನ ಕೇವಲಿಯದು, ಎಂದರೆ ಕರ್ಮದ ತೆರೆ ಪೂರ್ತಿ ಸರಿದು ಎಲ್ಲವನ್ನೂ ಎಲ್ಲ ಬಗೆಯಿಂದಲೂ ಅರಿಯುವ ಸರ್ವಜ್ಞನದು. ಸಮಂತಭದ್ರರ ಗ್ರಂಥದ ಗುರಿಯೇ ಅಂಥ ಆಪ್ತನನ್ನು, ನಂಬತಕ್ಕ ಅರಿವಿಗನನ್ನು ಸ್ಥಾಪಿಸುವುದು. ತರಗತಿಯಲ್ಲಿ ಕೇವಲಿ ಇಲ್ಲ. ಹಾಗಿರುವಾಗ ಹಲವು ನಯಗಳು ಸೇರಿ ಒಂದೇ ವಸ್ತುವನ್ನು ಕುರಿತಿವೆ ಎಂಬುದಕ್ಕೆ ಖಾತರಿ ಏನು? ಇತಿಹಾಸದ ಶಾಂತಲೆ, ಕಾದಂಬರಿಯ ಶಾಂತಲೆ, ಊರವರ ಕತೆಯ ಶಾಂತಲೆ ಮೂವರು ಬೇರೆ ಬೇರೆ ಹೆಂಗಸರಲ್ಲವೆಂದು ಯಾರು ಹೇಳಬೇಕು? ಸರ್ವಜ್ಞನನ್ನು ತೆಗೆದುಹಾಕಿ ನಯಗಳನ್ನು ಮಾತ್ರ ಉಳಿಸಿಕೊಂಡರೆ, ಎಲ್ಲರೂ ಅವರವರ ಮಟ್ಟಿಗೆ ಸರಿ ಎಂಬ ಸಡಿಲ ಮಾತಿಗೆ ಅನೇಕಾಂತ ಇಳಿದುಬಿಡುವ ಅಪಾಯ ನಿಜವಾದದ್ದು, ಮತ್ತು ಇಂದಿನ ಬಹುಶಿಸ್ತೀಯ ಪತ್ರಿಕೆಗಳಲ್ಲಿ ಹಲವು ಆ ಅಪಾಯಕ್ಕೆ ಈಗಾಗಲೇ ಸಿಕ್ಕಿವೆ. ಇದಕ್ಕೆ ಸಿಗುವ ಉತ್ತರ ಪೂರ್ಣವಲ್ಲದಿದ್ದರೂ ಕೆಲಸಕ್ಕೆ ಸಾಕಾಗುವಂಥದ್ದು. ಇಡಿಯಾದ ಅರಿವು ಯಾರ ಕೈಯಲ್ಲೂ ಇಲ್ಲದಿರುವಾಗಲೂ ಅಪೇಕ್ಷೆಯನ್ನು ಪರೀಕ್ಷಿಸಬಹುದು: ಒಂದು ವಿದ್ಯೆ ಇನ್ನೊಂದರಿಂದ ಪಡೆದದ್ದರಿಂದ ತನ್ನ ಹೇಳಿಕೆಯನ್ನು ತಿದ್ದಿಕೊಂಡಿತೇ, ಇಲ್ಲವೇ? ಹಾರಿ ಸತ್ತಳೆಂಬ ಕತೆಯನ್ನು ಇತಿಹಾಸವು ಪುರಾವೆಯಿಲ್ಲದ್ದೆಂದು ತಳ್ಳಿದರೆ ಜಾನಪದದ ವಿದ್ಯಾರ್ಥಿಯ ಪ್ರಶ್ನೆ ಬದಲಾಗುತ್ತದೆ, ಏನಾಯಿತು ಎಂಬುದರ ಬದಲು ಮಕ್ಕಳಿಲ್ಲದ ರಾಣಿಗೆ ಈ ಸಾವನ್ನೇ ಜನ ಏಕೆ ಕೊಟ್ಟರು ಎಂದು ಆತ ಕೇಳತೊಡಗುತ್ತಾನೆ. ತಿದ್ದುಪಡಿ ನಡೆಯದಿದ್ದಲ್ಲಿ ಜೋಡಣೆ ಬರಿಯ ವೇಳಾಪಟ್ಟಿಯಲ್ಲಿದೆ ಎಂದು ತಿಳಿಯಬೇಕು.

ಶಿವಗಂಗೆಯ ಬೆಟ್ಟ ನಾಲ್ಕು ದಿಕ್ಕುಗಳಿಂದ ನೋಡಿದವರಿಗೆ ನಂದಿ, ಗಣಪತಿ, ಸರ್ಪ, ಲಿಂಗ ಎಂಬ ನಾಲ್ಕು ರೂಪಗಳಲ್ಲಿ ಕಾಣುತ್ತದೆಂಬ ನಂಬಿಕೆಯೊಂದಿದೆ. ಇದನ್ನೇ ಅನೇಕಾಂತದ ಸಿದ್ಧ ನಿದರ್ಶನವಾಗಿ ಎತ್ತಿಕೊಳ್ಳುವ ಆಸೆ ಯಾವ ಉಪನ್ಯಾಸಕರಿಗಾದರೂ ಬಂದೀತು. ಆದರೆ ನಾಲ್ಕೂ ರೂಪಗಳು ಶಿವನ ಪರಿವಾರದವೇ. ಆ ಬೆಟ್ಟದಲ್ಲಿ ಸತ್ತ ಜೈನ ರಾಣಿಗೆ ಅವುಗಳಲ್ಲಿ ಒಂದೂ ಮುಖವಿಲ್ಲ. ನೋಟಗಳು ಹಲವಿದ್ದ ಮಾತ್ರಕ್ಕೆ ಬಿಟ್ಟುಹೋದದ್ದು ಒಳಗೆ ಬರುವುದಿಲ್ಲ.

ಧರ್ಮದ ವಿಷಯದಲ್ಲಿ ಇನ್ನೊಂದು ಗಂಟು ಇದೆ. ಸಂವಿಧಾನದ 28ನೆಯ ವಿಧಿಯು ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸುತ್ತದೆ. ಇದಕ್ಕೆ ಅಂಜಿ ಅನೇಕ ಅಧ್ಯಾಪಕರು ಧರ್ಮದ ಮಾತನ್ನೇ ಎತ್ತುವುದಿಲ್ಲ. ಆದರೆ 1948–49ರ ರಾಧಾಕೃಷ್ಣನ್ ಆಯೋಗವೇ ಧರ್ಮಗಳ ಅಧ್ಯಯನಕ್ಕೆ ಪದವಿ ಶಿಕ್ಷಣದಲ್ಲಿ ಜಾಗವಿರಬೇಕೆಂದು ಹೇಳಿ, ಮೊದಲ ವರ್ಷ ಧಾರ್ಮಿಕ ನಾಯಕರ ಜೀವನ, ಎರಡನೆಯ ವರ್ಷ ಜಗತ್ತಿನ ಧರ್ಮಗ್ರಂಥಗಳಿಂದ ಆಯ್ದ ಭಾಗಗಳು, ಮೂರನೆಯ ವರ್ಷ ಧರ್ಮದ ತತ್ತ್ವಶಾಸ್ತ್ರದ ಮುಖ್ಯ ಸಮಸ್ಯೆಗಳು ಎಂಬ ಕ್ರಮವನ್ನು ಸೂಚಿಸಿತ್ತು. ಸರ್ವೋಚ್ಚ ನ್ಯಾಯಾಲಯವೂ 1971ರ ಡಿ.ಎ.ವಿ. ಕಾಲೇಜು ಪ್ರಕರಣದಲ್ಲಿ ಗುರು ನಾನಕರ ಜೀವನ ಮತ್ತು ಬೋಧನೆಗಳ ಅಧ್ಯಯನ ಧಾರ್ಮಿಕ ಬೋಧನೆಯಾಗುವುದಿಲ್ಲವೆಂದೂ, 2002ರ ಅರುಣಾ ರಾಯ್ ಪ್ರಕರಣದಲ್ಲಿ ಧರ್ಮಗಳ ಕುರಿತ ಕಲಿಕೆಗೆ 28ನೆಯ ವಿಧಿ ಅಡ್ಡಬರುವುದಿಲ್ಲವೆಂದೂ ತೀರ್ಪು ಕೊಟ್ಟಿತು. ಧರ್ಮವನ್ನು ಬೋಧಿಸುವುದಕ್ಕೂ ಧರ್ಮದ ಬಗ್ಗೆ ಕಲಿಯುವುದಕ್ಕೂ ಕಾನೂನು ಎಳೆದಿರುವ ಗೆರೆ ಸ್ಪಷ್ಟವಾಗಿದೆ. ಜ್ಞಾನದ ದೃಷ್ಟಿಯಿಂದ ಅದು ಅಷ್ಟು ಸ್ಪಷ್ಟವಲ್ಲ.

ಗಂಗಾಧರೇಶ್ವರನ ಲಿಂಗಕ್ಕೆ ತುಪ್ಪ ಸವರಿದರೆ ಅದು ಬೆಣ್ಣೆಯಾಗುತ್ತದೆಂದು ಭಕ್ತರು ನಂಬುತ್ತಾರೆ. ಅರ್ಚಕರು ಭಕ್ತರು ತಂದ ತುಪ್ಪವನ್ನು ಲಿಂಗದ ಮೇಲೆ ಕೈಯಿಂದ ತಿಕ್ಕಿ, ಬೆಳ್ಳಗಾದದ್ದನ್ನು ಪ್ರಸಾದವಾಗಿ ಅವರ ಕೈಗೇ ಹಿಂದಿರುಗಿಸುತ್ತಾರೆ. ಮಕರ ಸಂಕ್ರಾಂತಿಯಂದು ಬೆಟ್ಟದ ಮೇಲೆ ಉದ್ಭವಿಸುತ್ತದೆಂದು ನಂಬುವ ಗಂಗೆಯ ನೀರಿನಿಂದ ಗಿರಿಜಾ ಕಲ್ಯಾಣ ನಡೆಯುತ್ತದೆ. ಇವುಗಳ ಮುಂದೆ ಕಾಲೇಜಿನ ವಿದ್ಯೆಗಳಿಗೆ ಸಾಮಾನ್ಯವಾಗಿ ಎರಡೇ ದಾರಿ ತೋರುತ್ತವೆ: ಭೌತ ರಸಾಯನಗಳ ಪ್ರಶ್ನೆ ಕೇಳಿ ನಂಬಿಕೆಯನ್ನು ಸುಳ್ಳೆನ್ನುವುದು, ಇಲ್ಲವೇ ನಂಬಿಕೆಯೆಂದು ಕೈಮುಗಿದು ಪ್ರಶ್ನೆಯನ್ನೇ ಬಿಡುವುದು. ಎರಡೂ ನಯಾಭಾಸಗಳೇ. ಜೈನ ತಾರ್ಕಿಕರು ಎಣಿಸಿದ ಏಳು ನಯಗಳಲ್ಲಿ ಕೊನೆಯದಾದ ಏವಂಭೂತ ನಯವು ಇಲ್ಲಿ ಅನಿರೀಕ್ಷಿತವಾಗಿ ಉಪಯೋಗಕ್ಕೆ ಬರುತ್ತದೆ. ಆ ನಯದ ಪ್ರಕಾರ ವಸ್ತು ತನ್ನ ಹೆಸರಿಗೆ ತಕ್ಕ ಕ್ರಿಯೆಯಲ್ಲಿ ತೊಡಗಿರುವಾಗ ಮಾತ್ರ ಆ ಹೆಸರಿಗೆ ಅರ್ಹ. ಆಳುತ್ತಿರುವಾಗ ಮಾತ್ರ ರಾಜನು ರಾಜ. ಭಕ್ತರ ಮಾತು ಈ ನಯದ್ದೆಂದು ಹಿಡಿದರೆ, ಅಭಿಷೇಕದ ಹೊತ್ತಿನಲ್ಲಿ, ಅರ್ಚಕರ ಕೈಯಲ್ಲಿ, ಪ್ರಸಾದವಾಗುತ್ತಿರುವ ವಸ್ತುವಿನ ಬಗ್ಗೆ ಆ ಮಾತು ಹೇಳಲ್ಪಟ್ಟಿದೆ. ಅದನ್ನು ಡಬ್ಬಿಯಲ್ಲಿ ಪ್ರಯೋಗಾಲಯಕ್ಕೆ ಒಯ್ದವನು ಬೇರೊಂದು ನಯದಿಂದ ಬೇರೊಂದು ಪ್ರಶ್ನೆ ಕೇಳುತ್ತಾನೆ, ಆ ಪ್ರಶ್ನೆಗೂ ನ್ಯಾಯವಾದ ಉತ್ತರವಿದೆ. ಭಕ್ತರು ಇದನ್ನು ಒಪ್ಪುತ್ತಾರೆಯೇ ಎಂಬುದು ಬೇರೆ ಮಾತು. ಬಹುಶಃ ಒಪ್ಪಲಾರರು, ಏಕೆಂದರೆ ಅವರು ಹೇಳುತ್ತಿರುವುದು ಡಬ್ಬಿಯಲ್ಲಿಯೂ ನಿಜವೆಂದೇ. ಅಧ್ಯಯನ ಆ ಭಿನ್ನಾಭಿಪ್ರಾಯವನ್ನು ಮರೆಮಾಚದೆ ಬರೆದಿಡಬೇಕು.

ಮಾಚಿಕಬ್ಬೆಯ ಉಪವಾಸ ಇದಕ್ಕಿಂತಲೂ ಗಡುಸಾದ ಪ್ರಸಂಗ, ಏಕೆಂದರೆ ಅಲ್ಲಿ ನೋಟಗಳ ವ್ಯತ್ಯಾಸ ಜೈಲಿಗೆ ಹೋಗುವ ವ್ಯತ್ಯಾಸವಾಗಬಹುದು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನಾದ ಅಪರಾಧವೆಂದು ಪರಿಗಣಿಸಬೇಕೆಂದು ಹೇಳಿತು. ಅದೇ ತಿಂಗಳ ಕೊನೆಯ ದಿನ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಜೈನ ಶಾಸ್ತ್ರಕಾರರು ತೀರ್ಪಿಗಿಂತ ಶತಮಾನಗಳ ಹಿಂದೆಯೇ ಈ ಆಕ್ಷೇಪಣೆಯನ್ನು ಎದುರಿಸಿದ್ದರು: ತತ್ತ್ವಾರ್ಥಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದರು ರಾಗದ್ವೇಷಗಳಿಂದ ವಿಷಶಸ್ತ್ರಾದಿಗಳ ಮೂಲಕ ತನ್ನನ್ನು ಕೊಂದುಕೊಳ್ಳುವುದು ಆತ್ಮವಧೆಯೆಂದೂ, ರಾಗವಿಲ್ಲದೆ ದೇಹವನ್ನು ಬಿಡುವವನಿಗೆ ಆ ದೋಷ ತಟ್ಟದೆಂದೂ ವಾದಿಸಿದ್ದಾರೆ. ಊರ ಕತೆಯಲ್ಲಿ ಬೆಟ್ಟದಿಂದ ಹಾರಿದ ಮಗಳು, ಶಾಸನದಲ್ಲಿ ಉಪವಾಸದಿಂದ ದೇಹ ಬಿಟ್ಟ ತಾಯಿ, ಈ ಇಬ್ಬರ ಸಾವುಗಳ ನಡುವೆ ಆತ್ಮಹತ್ಯೆಗೂ ವ್ರತಕ್ಕೂ ಇರುವ ಗೆರೆ ಹಾದುಹೋಗುತ್ತದೆ. ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಇತಿಹಾಸವೊಂದೇ ಹೇಳಲಾರದು, ಕಾನೂನೊಂದೇ ಹೇಳಲಾರದು. ಒಳಗಿನ ರಾಗವನ್ನು ಹೊರಗಿನಿಂದ ಅಳೆಯುವುದು ಹೇಗೆಂದು ಪೂಜ್ಯಪಾದರನ್ನೂ ಕೇಳಬೇಕಾಗುತ್ತದೆ.

ಇದೆಲ್ಲ ಕಾಲೇಜಿನ ನಾಲ್ಕು ಗೋಡೆಯೊಳಗೆ ಹೇಗೆ ಸಾಧ್ಯ ಎಂಬ ಪ್ರಶ್ನೆ ಸಣ್ಣದೆಂದು ತತ್ತ್ವಜ್ಞಾನಿ ತಳ್ಳಿಹಾಕಬಾರದು. ದೇವನಹಳ್ಳಿ ತಾಲ್ಲೂಕಿನ ಚಾಣಕ್ಯ ವಿಶ್ವವಿದ್ಯಾಲಯ, ದೊಡ್ಡಬಳ್ಳಾಪುರ ತಾಲ್ಲೂಕಿನ ಗೀತಂ ಮುಂತಾದ ಖಾಸಗಿ ಸಂಸ್ಥೆಗಳಿಗೆ ತಮ್ಮ ಪಠ್ಯಕ್ರಮವನ್ನು ತಾವೇ ರೂಪಿಸಿಕೊಳ್ಳುವ ಸ್ವಾತಂತ್ರ್ಯವಿದೆ. ಸರ್ಕಾರಿ ಪದವಿ ಕಾಲೇಜಿಗೆ ಅದಿಲ್ಲ: ಪಠ್ಯವನ್ನು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ ನಿಗದಿಪಡಿಸುತ್ತದೆ, ಮಂಡಳಿ ವಿಷಯಕ್ಕೊಂದರಂತೆ ಇರುತ್ತದೆ, ಕಾರ್ಯಭಾರದ ಲೆಕ್ಕವೂ ವಿಷಯವಾರು. ಇಬ್ಬರು ಅಧ್ಯಾಪಕರು ಒಂದೇ ಅವಧಿಯಲ್ಲಿ ಒಂದೇ ತರಗತಿಯಲ್ಲಿ ನಿಂತರೆ ಆ ಗಂಟೆಯನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂಬುದು, ಗಂಟೆಗಳ ಲೆಕ್ಕದ ಮೇಲೆಯೇ ಕೆಲಸ ನಿಂತಿರುವ ಅತಿಥಿ ಉಪನ್ಯಾಸಕರಿಗೆ, ಅನ್ನದ ಪ್ರಶ್ನೆ. ಬೆಟ್ಟದ ಬುಡದಲ್ಲೇ ಓದುತ್ತಿರುವ, ಸಂಕ್ರಾಂತಿಗೆ ಮನೆಮಂದಿಯೊಂದಿಗೆ ಬೆಟ್ಟ ಹತ್ತುವ ವಿದ್ಯಾರ್ಥಿಗಳು ಇರುವುದು ಹೆಚ್ಚಾಗಿ ಈ ಎರಡನೆಯ ಬಗೆಯ ಕಾಲೇಜುಗಳಲ್ಲಿ ಎಂಬುದನ್ನು ನೆನೆದರೆ, ಸ್ವಾತಂತ್ರ್ಯ ಒಂದು ಕಡೆ, ವಸ್ತು ಇನ್ನೊಂದು ಕಡೆ ಉಳಿದಿರುವುದು ಕಾಣುತ್ತದೆ.

ಪರೀಕ್ಷೆಯ ವಿಚಾರವೂ ಇದೇ ಬಗೆಯದು. ಸವತಿಗಂಧವಾರಣ ಬಸದಿಯ ಆ ಒಂದು ಶಾಸನವನ್ನು ಇಡೀ ಸೆಮಿಸ್ಟರ್ ಓದುವ ಪತ್ರಿಕೆಯೊಂದನ್ನು ಇತಿಹಾಸ ಮತ್ತು ಕನ್ನಡ ಮಂಡಳಿಗಳು ಜೊತೆಯಾಗಿ ರೂಪಿಸಿದವೆಂದು ಭಾವಿಸಿದರೆ, ಅದರ ಉತ್ತರ ಪತ್ರಿಕೆಯನ್ನು ಇಬ್ಬರು ಮೌಲ್ಯಮಾಪಕರು ಬೇರೆ ಬೇರೆಯಾಗಿ ನೋಡಬೇಕಾಗುತ್ತದೆ. ಇಬ್ಬರ ಅಂಕಗಳ ನಡುವೆ ದೊಡ್ಡ ಅಂತರ ಬಂದಾಗ ಈಗಿನ ನಿಯಮಗಳ ಜಾಯಮಾನಕ್ಕೆ ತಕ್ಕಂತೆ ಮೂರನೆಯವರಿಗೆ ಕಳಿಸುವುದೋ ಸರಾಸರಿ ತೆಗೆಯುವುದೋ ಸುಲಭ. ಆದರೆ ಇಂಥ ಪತ್ರಿಕೆಯಲ್ಲಿ ಆ ಇಬ್ಬರೂ ಎದುರುಬದುರು ಕುಳಿತು, ಶಾಸನದ ಯಾವ ಸಾಲನ್ನು ವಿದ್ಯಾರ್ಥಿ ಹೇಗೆ ಓದಿದ್ದರಿಂದ ಅಂತರ ಬಂತೆಂದು ಒಬ್ಬರಿಗೊಬ್ಬರು ಹೇಳಿ, ಆ ಕಾರಣವನ್ನು ಅಂಕದ ಪಕ್ಕದಲ್ಲಿ ಬರೆದು ಸಹಿ ಮಾಡುವ ನಿಯಮ ಬೇಕಾಗುತ್ತದೆ.